ಇಪ್ಪತ್ತು ದಾಟದ ಮುಳ್ಳು

ಹುಮನಾಬಾದಿನಲ್ಲಿ ಬೈಕಿನಿಂದ ಇಳಿದ ನಮ್ಮ ಮಾವ ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು. ಬಸವಕಲ್ಯಾಣದಿಂದ ಅಲ್ಲಿಯವರೆಗೂ ಅವರು ನನ್ನ ಹೆಗಲ ಮೇಲಿಂದ ಬಗ್ಗಿ ಸ್ಪೀಡೋಮೀಟರನ್ನೇ ಕಾಯುತ್ತ ಬಂದಿದ್ದರು. ಹಳೆಯದು ಕೆಟ್ಟಿತೆಂದು ಮುನ್ನಾದಿನ ಹಾಕಿಸಿದ ಆ ಹೊಸ ಮೀಟರಿನ ಮುಳ್ಳು, ಎಷ್ಟು ಜೋರು ಓಡಿಸಿದರೂ ಇಪ್ಪತ್ತರ ಮೇಲೆ ಏಳುತ್ತಿರಲಿಲ್ಲ. ದಾರಿಯಲ್ಲಿ ಗಾಳಿಗೆ ಮಾವನ ಟೋಪಿಯೇ ಹಾರಿಹೋಗಿತ್ತು. ಆದರೂ ಅವರು ನಂಬಿದ್ದು ಮುಳ್ಳನ್ನೇ.

“ಹಿಂಗ ಸಾವಕಾಶ ಹೊಡಿಬೇಕ್ರಿ ಗಾಡಿ,” ಎಂದವರು ಗಡಿಯಾರ ನೋಡಿ ಬೆರಗಾದರು. “ಅರ್ಧಾ ತಾಸಿನ್ಯಾಗ ಬಂದೇವಿ. ಹೊಸಾ ರಸ್ತಾ ಭಾಳ ಗಿಡ್ಡ ಮಾಡ್ಯಾರ ನೋಡ್ರಿ.”

ಮೀಟರನ್ನು ಅಂಗಡಿಗೆ ವಾಪಸು ಕೊಡಬೇಕೆಂದಿದ್ದೆ. ಅಷ್ಟರಲ್ಲಿ ಮಾವ, ಅಳಿಯ ಸುಧಾರಿಸಿದನೆಂದು ತಮ್ಮೂರು ಮಂಠಾಳದ ತುಂಬ ಹೇಳಿಕೊಂಡು ಬಂದರು. ಹಾಗಾಗಿ ಮೀಟರು ಇದ್ದಂತೆಯೇ ಇದೆ. ನಾನೂ ಇದ್ದಂತೆಯೇ ಇದ್ದೇನೆ.