ಮೊಲಗಳ ಮೇಲಿನ ಹಗೆ, ಮುಷ್ಕರ ಹೂಡಿದ ಕೋವಿ

"ಇವಳಿಗೆ ಯಾರ ಮೇಲಾದರೂ ಹಗೆ ಇದೆಯೇ?"

ನಮ್ಮ ಅಡುಗೆಮನೆಯಲ್ಲಿ ಕುಳಿತು, ನಾವೇ ಕೊಟ್ಟ ಚಹಾ ಕುಡಿಯುತ್ತ, ಬಂದೂಕು ಪರವಾನಗಿಯ ಅಧಿಕಾರಿ ನನ್ನ ಬಗ್ಗೆ ಕೇಳಿದ ಪ್ರಶ್ನೆ ಇದು. ಕೇಳಿದ್ದು ನನ್ನ ಫ್ಲ್ಯಾಟ್‌ಮೇಟ್ ಫಾತಿಮಾಳನ್ನು. ಅವಳು ಪುತ್ತೂರಿನವಳು, ನನ್ನಂತೆಯೇ ನರ್ಸ್, ಸುಳ್ಳು ಹೇಳಲು ಬಾರದವಳು.

"ಇದೆ. ಮೊಲಗಳ ಮೇಲೆ," ಎಂದಳು. ಅಧಿಕಾರಿ ನಗಲಿಲ್ಲ, ಬರೆದುಕೊಂಡರು.

ಸುಳ್ಯದಲ್ಲಿ ಅಪ್ಪನ ಬಳಿ ಬೆಳೆ ರಕ್ಷಣೆಯ ಕೋವಿಯಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಅಲ್ಲಿ ಪೊಲೀಸರಿಗೆ ಕೋವಿಯ ಮೇಲೆ ಅನುಮಾನ, ಇಲ್ಲಿ ಕೋವಿ ಹಿಡಿಯುವವಳ ಮೇಲೆ.

ಹಗೆ ಇದ್ದದ್ದು ನಿಜ. ಭೂಮಿಯ ದಕ್ಷಿಣ ತುದಿಯಲ್ಲಿ ನಾವಿರುವ ಹಾರ್ನ್‌ಬಿ ಬಡಾವಣೆಯಿಂದ ಆಚೆ, ಗ್ರಹಾಂ ಎಂಬ ನಿವೃತ್ತ ರೈತ ತನ್ನ ಜಮೀನಿನ ಒಂದು ಪಟ್ಟಿಯನ್ನು ನನಗೆ ತರಕಾರಿಗೆಂದು ಬಿಟ್ಟುಕೊಟ್ಟಿದ್ದ. ಹೋದ ವರ್ಷ ಅಲ್ಲಿ ನಲವತ್ತಾರು ಕೆಂಪು ಹರಿವೆ ಸಸಿ ನೆಟ್ಟೆ. ಮೂರನೆಯ ಬೆಳಿಗ್ಗೆ ಉಳಿದದ್ದು ಸೊನ್ನೆ. "ಮುಂದಿನ ಸಲವೂ ಹೀಗೇ ಆದರೆ ಅಲ್ಲಿ ಕುರಿ ಬಿಡುತ್ತೇನೆ, ಮೇಟ್," ಎಂದ ಗ್ರಹಾಂ. ಈ ದೇಶದಲ್ಲಿ ನನ್ನದು ಎನ್ನಬಹುದಾದ ಮಣ್ಣು ಅದೊಂದೇ. ಜೂನ್‌ನಿಂದ ಆಗಸ್ಟ್‌ವರೆಗೆ, ಇಲ್ಲಿನ ಇಡೀ ಚಳಿಗಾಲ, ಹಗೆಯನ್ನು ಆರಲು ಬಿಡದೆ ಕಾಪಾಡಿಕೊಂಡೆ.

ಪರವಾನಗಿ ಬಂತು. ಸಣ್ಣದೊಂದು ಸೆಮಿ-ಆಟೋಮ್ಯಾಟಿಕ್ ರೈಫಲ್ಲನ್ನು ಬಿಡಿಭಾಗಗಳಾಗಿಯೇ ಕೊಂಡೆ. ಗುಂಡು ಹಾರಿದೊಡನೆ ಖಾಲಿ ತೋಟೆಯನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ಏರಿಸಿಕೊಳ್ಳುವ ಜಾತಿ. ನನ್ನಂಥವರಿಗೆ ಅನುಮತಿ ಇರುವುದು ಅಷ್ಟು ಚಿಕ್ಕದಕ್ಕೆ ಮಾತ್ರ. ಗ್ರಹಾಂನ ಕಣ್ಣೆದುರೇ ಜೋಡಿಸಿದೆ. ಮನೆಗೆ ತಂದು ಅಪ್ಪ ಮಾಡುವಂತೆಯೇ ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಅಕ್ಟೋಬರ್ 5, ಮುಂಜಾನೆ, ಆರು ಡಿಗ್ರಿ: ಹತ್ತು ಗುಂಡು, ಏಳು ಸಲ ಸಿಕ್ಕಿಹಾಕಿಕೊಂಡಿತು. ಖಾಲಿ ತೋಟೆ ಹೊರಬೀಳದೆ ಬಾಯಲ್ಲೇ ಕಚ್ಚಿಕೊಂಡು ನಿಂತಿತು. ಮೊಲ: ಸೊನ್ನೆ.

ಅಕ್ಟೋಬರ್ 9, ಐದು ಡಿಗ್ರಿ: ತೋಟೆಯ ಬ್ರಾಂಡ್ ಬದಲಿಸಿದೆ. ಹತ್ತಕ್ಕೆ ಏಳು.

ಅಕ್ಟೋಬರ್ 12, ಏಳು ಡಿಗ್ರಿ: ತೋಟೆ ತುಂಬುವ ಬೇರೆ ಮ್ಯಾಗಜಿನ್. ಹತ್ತಕ್ಕೆ ಆರು. ಬೇಲಿಯಾಚೆ ಒಂದು ಮೊಲ ನನ್ನನ್ನೇ ನೋಡುತ್ತ ಮುಖ ತೊಳೆದುಕೊಂಡಿತು. ಅದರ ಎಡಗಿವಿ ಹರಿದಿತ್ತು. ಗುರುತಿಟ್ಟುಕೊಂಡೆ.

"ಹತ್ತಿರ ಹೋಗಿ ಆ ಕೋವಿಯಿಂದಲೇ ಬಡಿದುಬಿಡು," ಎಂದು ಗ್ರಹಾಂ ತನ್ನ ಯೂಟ್‌ಗೆ, ಅಂದರೆ ಹಿಂಬದಿ ತೆರೆದ ಆ ಸಾಮಾನು ಗಾಡಿಗೆ, ಒರಗಿ ನಕ್ಕ.

ಮನೆಯಲ್ಲಿ ಮದ್ದಿಲ್ಲದ ನಕಲಿ ತೋಟೆ ಹಾಕಿ ಕೈಯಿಂದ ಎಳೆದು ನೋಡಿದೆ. ಐವತ್ತು ಸಲ ಎಳೆದರೂ ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ.

"ಎಂಥದಾ ಇದು? ಒಳಗೆ ಸರಿ ಉಂಟಲ್ಲ! ಅದಕ್ಕೂ ಹೀಟರ್ ಬೇಕಾ?" ಎಂದು ಫಾತಿಮಾ ಛೇಡಿಸಿದಳು.

ಮರುದಿನ ಅವಳು ಬಚ್ಚಲುಮನೆಯಿಂದ ಕೂಗಿದಳು: "ಮಾರಾಯ್ತಿ, ಒಂದು ಚಮಚ ಕೊಡು. ಎಣ್ಣೆ ಕಲ್ಲಾಗಿದೆ, ತಲೆಗೆ ಹಾಕುದು ಹೇಗೆ?"

ಚಮಚ ಹಿಡಿದು ಹೋದವಳು ಬಾಗಿಲಲ್ಲೇ ನಿಂತೆ. ಅವಳ ಕೈಯಲ್ಲಿ ತೆಂಗಿನೆಣ್ಣೆಯ ಬಾಟಲಿ. ನಾನು ಕೋವಿಗೆ ಹಚ್ಚಿದ್ದೂ ಅದನ್ನೇ. ಸುಳ್ಯದಲ್ಲಿ ಬಾಗಿಲ ಬಿಜಾಗರಿ, ಹೊಲಿಗೆ ಯಂತ್ರ, ಕೋವಿ ಎಲ್ಲಕ್ಕೂ ಅದೊಂದೇ. ಅಲ್ಲಿ ಅದು ಕೋವಿಯನ್ನು ಕಟ್ಟಿಹಾಕುವಷ್ಟು ಗಟ್ಟಿಯಾಗುವ ಚಳಿ ಬೀಳುವುದಿಲ್ಲ. ಇಲ್ಲಿನ ಮುಂಜಾವಿನಲ್ಲಿ ರೈಫಲ್ಲಿನ ಹೊಟ್ಟೆಯೊಳಗೆ ಅದು ಮೇಣವಾಗಿ, ಖಾಲಿ ತೋಟೆ ಎಸೆಯಲು ಹಿಂದೆ ಜಾರಬೇಕಾದ ಬೋಲ್ಟನ್ನು ಅರ್ಧಕ್ಕೇ ಹಿಡಿದು ನಿಲ್ಲಿಸುತ್ತಿತ್ತು. ನಾನೇ ಬರೆದಿಟ್ಟ ಡಿಗ್ರಿಗಳನ್ನು ನಾನೇ ಓದಿರಲಿಲ್ಲ.

ಬಿಚ್ಚಿ, ಕೊನೆಯ ಪಸೆಯನ್ನೂ ತೊಳೆದು ತೆಗೆದು, ಗ್ರಹಾಂ ಕೊಟ್ಟ ಬಂದೂಕಿನ ಎಣ್ಣೆಯನ್ನು ಎರಡೇ ಹನಿ ಬಿಟ್ಟೆ.

ಅಕ್ಟೋಬರ್ 19, ಐದು ಡಿಗ್ರಿ: ಹತ್ತು ಗುಂಡು, ಸಿಕ್ಕಿಹಾಕಿಕೊಂಡದ್ದು ಸೊನ್ನೆ, ಮೊಲ ನಾಲ್ಕು. ನಾಲ್ಕನೆಯದರ ಎಡಗಿವಿ ಹರಿದಿತ್ತು. ಪಾಪ ಎನಿಸುತ್ತದೆಯೇನೋ ಎಂದು ಕಾದೆ. ಎನಿಸಲಿಲ್ಲ.

"ಬೇಸರ ಬೇಡ. ಇವು ಈ ನೆಲದವಲ್ಲ, ಹಡಗಿನಲ್ಲಿ ಬಂದವು," ಎಂದ ಗ್ರಹಾಂ. ಆಮೇಲೆ ನನ್ನ ಮುಖ ನೋಡಿ ಕೆಂಪಾದ.

"ನಾನು ವಿಮಾನದಲ್ಲಿ ಬಂದೆ," ಎಂದೆ.

ಎರಡು ಮೊಲ ಅವನ ಮನೆಯ ಮಾಂಸದ ಪೈಗೆ, ಎರಡು ಕಾಯಿತುರಿ ಹಾಕಿ ಒಣಗಿಸುವ ನನ್ನ ಸುಕ್ಕಕ್ಕೆ. ನವೆಂಬರ್‌ನಲ್ಲಿ ನೆಟ್ಟ ನಲವತ್ತಾರು ಸಸಿಗಳಲ್ಲಿ ಈ ಭಾನುವಾರಕ್ಕೆ ನಲವತ್ತಮೂರು ನಿಂತಿವೆ. ಕುರಿಯ ಮಾತನ್ನು ಗ್ರಹಾಂ ಮತ್ತೆ ಎತ್ತಿಲ್ಲ.

ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. "ತೆಂಗಿನೆಣ್ಣೆ ತಡೆಯದ್ದು ಎಂಥ ಕೋವಿ ಮಗಾ?" ಎಂದು ಅವರಿಗೆ ಸಿಟ್ಟು ಬಂತು. ಬಳಿಕ ದನಿ ತಗ್ಗಿಸಿ, "ಜನವರಿಯಲ್ಲಿ ಬರ್ತಿಯಲ್ಲಾ? ಒಂದು ತಿಂಗಳಾದರೂ ಇರ್ಬೇಕು, ಆಯ್ತಾ?" ಎಂದರು.

ಜನವರಿಯಲ್ಲೇ ಹರಿವೆಯ ದಂಟು ಬಲಿಯುವುದು. ಬೇಲಿಯಾಚೆ ಹೊಸ ಬಿಲಗಳು: ಐದು. ರಜೆಯ ಅರ್ಜಿಯಲ್ಲಿ ಮೂವತ್ತು ದಿನ ಎಂದು ತುಂಬಿ, ಅಳಿಸಿ, ಇಪ್ಪತ್ತು ಎಂದು ಬರೆದೆ. ಅದನ್ನೂ ಅಳಿಸಿ ಹನ್ನೊಂದು ಎಂದೆ. ಅಪ್ಪನಿಗೆ ಏನು ಹೇಳುವುದೆಂದು ಇನ್ನೂ ಹೊಳೆದಿಲ್ಲ. ಮೊಲಗಳಿಗೆ ಮಾತ್ರ ಹನ್ನೊಂದು ದಿನಕ್ಕಿಂತ ಹೆಚ್ಚು ಕೊಡುವ ಮನಸ್ಸಾಗಲಿಲ್ಲ.