ರೊಟ್ಟಿ ಮನೆಯಲ್ಲಿ ಕವ್ವಾಲಿ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ದಾವೂದ್ ಸಾಬ್ ಮೂವತ್ತು ವರ್ಷ ಹಾಡು ಮಾರಿದವರು. ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ., ಕೊನೆಗೆ ಮೆಮೊರಿ ಕಾರ್ಡಿಗೆ ತುಂಬಿಸಿ ಕೊಡುವುದು. ಗಿರಾಕಿ ಎರಡು ಸಾಲು ಗುನುಗಿದರೆ ಸಾಕು, ಹಾಡು ಯಾವುದೆಂದು ಹೇಳಿಬಿಡುತ್ತಿದ್ದರು. ಎಲ್ಲರ ಫೋನಿನಲ್ಲೂ ಹಾಡು ಸಿಗತೊಡಗಿದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತರು.

ಒಂದು ದಿನ ಶಿವನಿಯಿಂದ ಕಾಂತಮ್ಮ ಅವರ ಮನೆ ಹುಡುಕಿಕೊಂಡು ಬಂದರು. ಕಾಂತಮ್ಮ ಊರಿನ ಐದು ಹೆಂಗಸರನ್ನು ಸೇರಿಸಿಕೊಂಡು ಜೋಳದ ರೊಟ್ಟಿ ತಟ್ಟಿ ಹೋಟೆಲುಗಳಿಗೆ, ಮದುವೆ ಮನೆಗಳಿಗೆ ಕೊಡುವವರು.

"ಸಾಬ್ರೇ, ಕಾರ್ಡಿಗೆ ಹಾಡು ಹಾಕ್ಕೊಡಿ. ಈ ಫೋನ್ ಸರಿಯಾಗ್ ಹಾಡಲ್ಲ ಕಣ್ರೀ. ಒಳ್ಳೆ ಜಾಗಕ್ಕೆ ಬಂತು ಅನ್ನೋವಷ್ಟರಲ್ಲಿ ಯಾವನೋ ಬಂದು ಸಿಮೆಂಟ್ ಮಾರ್ತಾನೆ. ನೆಟ್‌ವರ್ಕ್ ಹೋದ್ರೆ ಅದೂ ಇಲ್ಲ."

"ಆ ಮಿಷನ್ನೆಲ್ಲ ಕೊಟ್ಬಿಟ್ಟೆ ಕಣಮ್ಮ."

ಒಳಗಿದ್ದ ಮಗಳು ಉಮ್ಮೆ ಹಾನಿ ನಕ್ಕಳು. "ಅಬ್ಬಾಜಾನ್, ನೀವು ಕವ್ವಾಲಿ ಕೇಳ್ತೀರಲ್ಲ, ನಾನು ದುಡ್ಡು ಕಟ್ಟಿರೋ ಆ್ಯಪು, ಅದನ್ನೇ ಇವರ ಫೋನಿಗೂ ಹಾಕಿ ನೋಡೋಣ. ಜಾಹೀರಾತು ಬರಲ್ಲ. ಇಳಿಸಿಟ್ಕೊಂಡ್ರೆ ನೆಟ್‌ವರ್ಕೂ ಬೇಡ."

"ಅಷ್ಟೊಂದ್ರಲ್ಲಿ ಯಾವ್ದು ಅಂತ ಹುಡುಕ್ಲಿ ತಾಯಿ? ಕೈ ತುಂಬ ಹಿಟ್ಟು" ಎಂದರು ಕಾಂತಮ್ಮ.

ಆ ಮಾತು ಸಾಬರ ಮನಸ್ಸಿಗೆ ನಾಟಿತು. ಮಾರನೆಯ ದಿನ ರೈಲು ಹತ್ತಿ ಶಿವನಿಗೆ ಹೋಗಿ, ರೊಟ್ಟಿ ಮನೆಯ ಮೂಲೆಯಲ್ಲಿ ಮಧ್ಯಾಹ್ನದವರೆಗೆ ಕೂತರು. ಹಿಟ್ಟು ನಾದುವಾಗ ಹೆಂಗಸರು ತಮ್ಮಷ್ಟಕ್ಕೆ ತಾವಿರುತ್ತಿದ್ದರು. ತಟ್ಟಲು ಶುರುವಾದರೆ ಕೈಗೊಂದು ಲಯ ಸಿಗುತ್ತಿತ್ತು. ಹನ್ನೊಂದರ ಹೊತ್ತಿಗೆ ಸೊಂಟ ನೋವು, ಮಾತಿಗೂ ಬೇಸರ. ಎಲ್ಲರಿಗಿಂತ ಹಿರಿಯಳಾದ ಮಾರಮ್ಮನಿಂದ ಅವಳ ಕಾಲದ ಹಾಡುಗಳನ್ನೂ ಕೇಳಿ ತಿಳಿದುಕೊಂಡರು. ಅರವತ್ತು ಹಾಡು ಆರಿಸಿ, ಆಯಾ ಹೊತ್ತಿನ ಕೆಲಸಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿ, ಫೋನಿಗೆ ಇಳಿಸಿಕೊಟ್ಟರು.

ಮೂರನೆಯ ದಿನ ಕಾಂತಮ್ಮನ ಫೋನು.

"ಸಾಬ್ರೇ, ನಿಮ್ ಹಾಡೆಲ್ಲ ಮುಗುದ್ಮೇಲೆ ಚಪ್ಪಾಳೆ ಹೊಡ್ಕಂಡು ಹಾಡೋರು ಬಂದ್ಬಿಟ್ರು ಕಣ್ರೀ!"

ಸಾಬರಿಗೆ ಗಾಬರಿಯಾಯಿತು. ಕಾಂತಮ್ಮನ ಫೋನಿಗೆ ಹಾಕಿದ್ದ ಖಾತೆ ತಮ್ಮದೇ ಆದ್ದರಿಂದ, ಕೇಳುತ್ತಿರುವುದು ಸಾಬರೇ ಎಂದುಕೊಂಡು ಆ್ಯಪು ತಾನಾಗಿ ಕವ್ವಾಲಿ ಹಾಕಿತ್ತು.

"ತಪ್ಪಾಯ್ತಮ್ಮ, ತೆಗೆಸ್ಬಿಡ್ತೀನಿ."

"ಅಯ್ಯೋ, ತೆಗೀಬ್ಯಾಡಿ! ಒಂದ್ ಮಾತೂ ಅರ್ಥ ಆಗ್ಲಿಲ್ಲ. ಆದ್ರೆ ಆ ಚಪ್ಪಾಳೆಗೆ ಕೈ ತಾನಾಗೇ ಹೋಯ್ತು. ಮಾರಮ್ಮ ಅಂತೂ ನಿಲ್ಸಲೇ ಇಲ್ಲ. ಹೋಟ್ಲೋರು ಹೇಳಿದ್ದಕ್ಕಿಂತ ನಲವತ್ತು ರೊಟ್ಟಿ ಜಾಸ್ತಿ ಆಗವೆ, ಮಗಳನ್ನ ಕರ್ಕಂಡು ಉಣ್ಣಕ್ಕೆ ಬನ್ನಿ!"

ಅಪ್ಪ ಮಗಳು ಹೋಗಿ ಹೊಟ್ಟೆ ತುಂಬ ಉಂಡರು. ಕಾಂತಮ್ಮ ಅಂದೇ ತಮ್ಮ ಹೆಸರಿನಲ್ಲಿ ಆ್ಯಪಿಗೆ ಚಂದಾ ಕಟ್ಟಿ, ಕವ್ವಾಲಿಗೊಂದು ಬೇರೆ ಪಟ್ಟಿ ಮಾಡಿಸಿಕೊಂಡರು.

ಈಗ ಅಜ್ಜಂಪುರದಿಂದಲೂ ಸಾಬರ ಹತ್ತಿರ ಜನ ಬರುತ್ತಾರೆ. ಯಾವ ಗಾಯಕರು ಇಷ್ಟ ಎಂದು ಸಾಬರು ಕೇಳುವುದಿಲ್ಲ, "ಏನ್ ಕೆಲ್ಸ ಮಾಡ್ತಾ ಕೇಳ್ತೀರಿ?" ಎನ್ನುತ್ತಾರೆ. ಕಳೆದ ವಾರ ಕಡೂರಿನ ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರು. ಬಾಯಿ ತೆರೆದುಕೊಂಡು ಹೆದರಿ ಮಲಗಿದವರಿಗೆ ಯಾವ ಹಾಡು ಹಿಡಿಸೀತೆಂದು ಸಾಬರು ಇನ್ನೂ ಯೋಚಿಸುತ್ತಿದ್ದಾರೆ.