ಗುರುಸಿದ್ದವ್ವ ಬಿಚ್ಚಿದ ನೀಲಿ

ಬುಕಿತ್ ಬಾಟೋಕಿನ ಕೈಗಾರಿಕಾ ಪ್ರದೇಶದಲ್ಲಿ ದ್ವಾರಕನಾಥ್ ಅವರ ಹಳೆಯ ರತ್ನಗಂಬಳಿಗಳ ಅಂಗಡಿಯಿದೆ. ಹರಿದ, ಹುಳು ತಿಂದ ಕಂಬಳಿಗಳನ್ನು ಅಲ್ಲಿ ಸರಿಮಾಡುವವರು ಗುರುಸಿದ್ದವ್ವ. ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ ಅವರಿಗೆ ಬಾಲ್ಯದಲ್ಲೇ ಒಲಿದಿತ್ತು. ಗಂಡನಿಗೆ ಹಡಗುಕಟ್ಟೆಯಲ್ಲಿ ನೌಕರಿ ಸಿಕ್ಕಿ ಸಿಂಗಪುರಕ್ಕೆ ಬಂದ ಮೇಲೆ ಅದೇ ಬೆರಳುಗಳು ಇರಾನಿನ ಕಂಬಳಿಗಳ ಕಡಿದ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಕೂಡಿಸತೊಡಗಿದವು.

ಜುರಾಂಗ್ ಈಸ್ಟಿನ ನಮ್ಮ ಮನೆಯಲ್ಲಿರುವುದು ಇರಾನಿನ ಹಮದಾನ್ ಸೀಮೆಯ ಹಳ್ಳಿಗಂಬಳಿ. ನೂರು ವರ್ಷದ್ದೆಂದು ದ್ವಾರಕನಾಥ್ ಹೇಳಿ ಮಾರಿದ್ದರು. ಬೇರಿನಿಂದ ತೆಗೆದ ಕೆಂಪು, ನೀಲಿಗಿಡದ ನೀಲಿ ಇದ್ದ ಮಾತ್ರಕ್ಕೆ ವಯಸ್ಸು ಸಾಬೀತಾಗುವುದಿಲ್ಲ. ನಾನು ಇಂದಿಗೂ ಅದನ್ನು ಪೂರ್ತಿ ನಂಬಿಲ್ಲ. ಅಂಚಿನಲ್ಲೆಲ್ಲೋ ದುರಸ್ತಿಯಾಗಿದೆ ಎಂದೂ ಅವರು ಮುಚ್ಚಿಡದೆ ತಿಳಿಸಿದ್ದರು. ಎಲ್ಲಿ ಎಂದು ನಾವು ಹುಡುಕಲಿಲ್ಲ.

ಅಂಚಿನ ಒಂದು ಮೂಲೆಯಲ್ಲಿ ನೀಲಿ ತುಸು ನೇರಳೆಗೆ ತಿರುಗಿತ್ತು. ನನ್ನ ಗಂಡ ಶಿವರಾಮ್ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಹಳ್ಳಿಯ ನೇಕಾರ್ತಿಗೆ ಬಣ್ಣದ ಉಣ್ಣೆ ಮುಗಿದರೆ ಮತ್ತೊಮ್ಮೆ ಅದ್ದಿ ತೆಗೆಯಬೇಕು. ಎರಡನೆಯ ಸಲದ ನೀಲಿ ಮೊದಲಿನದಕ್ಕೆ ಸರಿಹೊಂದುವುದಿಲ್ಲ. ಆ ವ್ಯತ್ಯಾಸವೇ ಕೈಮಗ್ಗದ ರುಜು ಎಂಬುದು ಅವರ ವ್ಯಾಖ್ಯಾನ. ಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಗುರುಸಿದ್ದವ್ವ ಅಂಗಡಿಯ ಲೆಕ್ಕದಿಂದ ವಿಳಾಸ ಹುಡುಕಿಕೊಂಡು, ಯಾರೂ ಕರೆಯದೆ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಉಣ್ಣೆಯ ಎರಡು ಲಡಿ. ನೇರವಾಗಿ ಆ ಮೂಲೆಯ ಬಳಿ ಮಂಡಿಯೂರಿ, ನೋಡಿ, ನಾಲಗೆ ಕಚ್ಚಿಕೊಂಡರು.

“ಇದು ನಾ ಕಟ್ಟಿದ್ದು ಮೇಡಂ. ಹೋದ ತಿಂಗಳ ಕಣ್ಣಿನ ಪೊರಿ ತಗಸೇನ್ರಿ. ಈ ಎರಡೂ ಲಡಿ ಒಂದ ಬಣ್ಣ ಅಂತ ಒಂದ ಡಬ್ಬ್ಯಾಗ ಇಟ್ಟಿದ್ದೆ. ಈಗ ನೋಡಿದ್ರ ಒಂದು ನೀಲಿ, ಒಂದು ಬದನಿಕಾಯಿ!”

ಶಿವರಾಮ್ ಮುಖ ಸಣ್ಣದಾಯಿತು. “ಇಲ್ಲ ಆಂಟಿ, ಅದು ಒರಿಜಿನಲ್ಲೇ. ಸೆಕೆಂಡ್ ಡೈ ಬ್ಯಾಚು.”

“ಬ್ಯಾಚ್ ಅಲ್ರಿ ಸರ್, ಅದು ನನ್ನ ಕುರುಡು.”

ನನಗೆ ಅರ್ಥವಾಯಿತು. ಪೊರೆ ಕಟ್ಟುವಾಗ ಕಣ್ಣಿನ ಮಸೂರ ಹಳದಿಗಟ್ಟಿ, ನೇರಳೆಯ ಬೆಳಕನ್ನು ಒಳಗೆ ಬಿಡದು. ಆ ಬದಲಾವಣೆ ಎಷ್ಟು ನಿಧಾನವೆಂದರೆ ಕಣ್ಣಿನ ಒಡತಿಗೇ ಅದರ ಸುಳಿವಿರುವುದಿಲ್ಲ. ಅದನ್ನು ಹೇಳಿ, ತಪ್ಪು ನಿಮ್ಮದಲ್ಲ ಎಂದೆ.

“ತಪ್ಪು ಯಾರದರ ಇರ್ಲಿ, ಗಂಟು ನನ್ನವ. ಬಿಚ್ಚಿ ಮತ್ತ ಕಟ್ತೀನಿ. ದ್ವಾರಕನಾಥ ಸರ್ ಬ್ಯಾಡಂತಾರ. ಗಿರಾಕಿ ಖುಷಿ ಅದಾರ, ಸುಮ್ನ ಯಾಕ ಕೆದಕ್ತಿ ಅಂತಾರ. ಆದ್ರ ಈ ಹೊಸ ಕಣ್ಣ ನಂಬಬಹುದೋ ಇಲ್ಲೋ ನನಗ ಗೊತ್ತಾಗಬೇಕ್ರಿ. ಇಲ್ಲಂದ್ರ ಇನ್ನೊಬ್ಬರ ಕಂಬಳಿ ನಾ ಮುಟ್ಟಂಗಿಲ್ಲ.”

ಶಿವರಾಮ್ ಗೊಣಗಿದರು: “ನೆಕ್ಸ್ಟ್ ಗೆಸ್ಟ್ ಬಂದಾಗ ಏನು ತೋರಿಸಲಿ?”

“ನಿಮ್ಮ ಮಕಾ ತೋರಸ್ರಿ,” ಎಂದರು ಆಕೆ. ಶಿವರಾಮ್ ನಕ್ಕು ಸೋಫಾ ಸರಿಸಿಕೊಟ್ಟರು.

ಬಾಲ್ಕನಿಯ ಬಾಗಿಲಿನ ಬೆಳಕಿನಲ್ಲಿ ಹಲವು ಬೆಳಗು ಕೆಲಸ ನಡೆಯಿತು. ಹಾಸಿನ ಎರಡು ಎಳೆಗಳಿಗೆ ಸುತ್ತುಹಾಕಿ, ಉಣ್ಣೆಯ ಎರಡೂ ತುದಿಗಳನ್ನು ನಡುವಿನಿಂದ ಹೊರಗೆಳೆದರೆ ಒಂದು ಗಂಟು. ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಅವಸರಪಟ್ಟರೆ ಹಾಸೇ ಹರಿಯುತ್ತದೆ. ಹೊಸದಾಗಿ ಬಣ್ಣ ಹಾಕಿದ ಉಣ್ಣೆಯನ್ನು ಆಕೆ ಮುಟ್ಟಲಿಲ್ಲ. ಹಾಳಾದ ಹಳೆಯ ಕಂಬಳಿಯೊಂದರ ತುಣುಕು ತಂದು, ಅದರಿಂದಲೇ ಎಳೆಗಳನ್ನು ತೆಗೆದು, ಒಂದೊಂದನ್ನೂ ಅಂಚಿನ ಮೇಲಿಟ್ಟು ನೋಡಿ, ಹೊಂದದ್ದನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಯಾರೂ ದೂರು ಹೇಳದ ಕೆಲಸಕ್ಕೆ ಆಕೆ ಬಸ್ಸು ಹತ್ತಿ ಬರುತ್ತಿದ್ದರು. ಆಕೆಗೆ ಕಣ್ಣು ಮರಳಿಸಿಕೊಟ್ಟ ವೈದ್ಯರನ್ನೂ, ಈ ಕಂಬಳಿ ನೇಯ್ದ, ಹೆಸರು ಉಳಿಯದ ಆ ಹಮದಾನಿನ ಹೆಂಗಸನ್ನೂ ನಾನು ಆ ದಿನಗಳಲ್ಲಿ ಕೃತಜ್ಞತೆಯಿಂದ ನೆನೆದೆ. ವಿಧಿಗೆ ಕೈಮುಗಿಯುವ ಅಭ್ಯಾಸ ನನಗಿಲ್ಲ. ಇಂಥವರಿಗೆ ಮುಗಿಯಲು ಅಡ್ಡಿಯಿಲ್ಲ.

ಕೊನೆಯ ದಿನ ಆಕೆ ಉಣ್ಣೆಯ ತುದಿಗಳನ್ನು ಕತ್ತರಿಸಿ ಸಮಮಾಡಿ, ಕಂಬಳಿಯನ್ನು ದಿಕ್ಕು ಬದಲಿಸಿ ಹಾಸಿ, ಆಮೇಲೆ ಶಿವರಾಮರನ್ನು ಒಳಗಿನಿಂದ ಕರೆದರು.

“ಹುಡುಕ್ರಿ ಸರ್.”

ಅವರು ನಾಲ್ಕೂ ಮೂಲೆಗಳಲ್ಲಿ ಬಗ್ಗಿ ನೋಡಿದರು, ಅಂಗೈಯಿಂದ ಸವರಿದರು. ಕಡೆಗೆ ಕಂಬಳಿಯ ನಡುವಿನ ಕೆಂಪಿನಲ್ಲಿ ತುಸು ಮಾಸಿದಂತಿದ್ದ ಒಂದು ಪಟ್ಟಿಯ ಮೇಲೆ ಬೆರಳಿಟ್ಟರು. “ಇದೇ ತಾನೆ? ಶೇಡ್ ಬೇರೆ ಇದೆ.”

“ಅದು ನಂದಲ್ರಿ,” ಗುರುಸಿದ್ದವ್ವ ಆ ಕೆಂಪನ್ನು ಹೊಸದಾಗಿ ಕಂಡವರಂತೆ ನೋಡಿದರು. “ಅದು ಇದನ್ನ ನೇಯ್ದಾಕೀದು. ಆಕಿ ಎರಡನೇ ಸಲ ಅದ್ದಿದ್ದು.”

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನ್ ತೆಗೆದು ದ್ವಾರಕನಾಥ್ ಅವರಿಗೆ ಹೇಳಿದರು: “ಸರ್, ಸೋಮವಾರದಿಂದ ಬರ್ತೀನ್ರಿ. ಬಣ್ಣದ ಕೆಲಸನೂ ನನಗ ಇಡ್ರಿ.”